ಕ್ಲೋಸ್ಡ್, ಬೌಂಡೆಡ್ ಅಂದಾಕ್ಷಣ ಕಾಂಪ್ಯಾಕ್ಟ್ ಅನ್ನಬೇಡಿ

ಎಂಎಸ್ಸಿ ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ವರ್ಷ ನನ್ನ ಪೆನ್ನು ಒಂದೇ ಸಾಲಿನ ಹತ್ತಿರ ನಿಲ್ಲುತ್ತದೆ: ‘ಸೆಟ್ ಕ್ಲೋಸ್ಡ್, ಬೌಂಡೆಡ್. ಆದ್ದರಿಂದ ಕಾಂಪ್ಯಾಕ್ಟ್.’ ಕ್ಲೋಸ್ಡ್ ಅಂದರೆ ತನ್ನ ಲಿಮಿಟ್ ಬಿಂದುಗಳೆಲ್ಲ ಒಳಗೇ ಇರುವ ಸೆಟ್; ಬೌಂಡೆಡ್ ಅಂದರೆ ಒಂದೇ ಬಾಲ್‌ನಲ್ಲಿ ಹಿಡಿಸುವಂಥದ್ದು; ಕಾಂಪ್ಯಾಕ್ಟ್ ಅಂದರೆ ಸೆಟ್ಟನ್ನು ಮುಚ್ಚುವ ಓಪನ್ ಸೆಟ್‌ಗಳು ಎಷ್ಟೇ ಇರಲಿ, ಅವುಗಳಲ್ಲಿ ಪರಿಮಿತ ಸಂಖ್ಯೆಯವೇ ಮುಚ್ಚಲು ಸಾಕು. ಹೈನೆ-ಬೊರೆಲ್ ಪ್ರಮೇಯ ಆ ಸಾಲನ್ನು ಆರ್-ಎನ್‌ಗೆ, ಅಂದರೆ n ನಿರ್ದೇಶಾಂಕಗಳ ಸ್ಪೇಸ್‌ಗೆ, ಹೇಳಿದ್ದು. ಎಲ್ಲಾ ಮೆಟ್ರಿಕ್ ಸ್ಪೇಸ್‌ಗೂ (ಬಿಂದುಗಳ ನಡುವೆ ದೂರ ಅಳೆಯಬಹುದಾದ ಸ್ಪೇಸ್) ಅದು ನಡೆಯಲ್ಲ.

ನಾನು ಕ್ಲಾಸಿನಲ್ಲಿ ಹೇಳುವ ದಾರಿ ಇದು. ಮೊದಲು, ಸೆಟ್ ಕಾಂಪ್ಯಾಕ್ಟ್ ಅಲ್ಲ ಅಂತ ತೋರಿಸೋಕೆ ನೋಡಿ. ಒಂದರಿಂದೊಂದು ಕನಿಷ್ಠ ಒಂದು ನಿಗದಿತ ದೂರದಲ್ಲಿ ನಿಂತ ಅನಂತ ಬಿಂದುಗಳು ಒಳಗೆ ಸಿಗುತ್ತವಾ, ಹುಡುಕಿ. 1906ರ ತನ್ನ ಪ್ರಬಂಧದಲ್ಲಿ ಫ್ರೆಂಚ್ ಗಣಿತಜ್ಞ ಫ್ರೆಷೆ ಕೂಡ ಕಾಂಪ್ಯಾಕ್ಟ್ ಅನ್ನೋದನ್ನು ಅನಂತ ಬಿಂದುಗಳ ಮೂಲಕವೇ ವಿವರಿಸಿದ್ದ.

ಎಲ್-ಟು ಸ್ಪೇಸ್‌ನ (ವರ್ಗಗಳ ಮೊತ್ತ ಪರಿಮಿತವಾಗಿರುವ ಅನಂತ ಸಂಖ್ಯಾಸಾಲುಗಳ ಸ್ಪೇಸ್) ಯೂನಿಟ್ ಬಾಲ್, ಅಂದರೆ ಸೊನ್ನೆಯಿಂದ 1ರ ದೂರದೊಳಗಿನ ಬಿಂದುಗಳು, ತಗೊಳ್ಳಿ. ಅದರಲ್ಲಿ (1,0,0,…), (0,1,0,…), ಹೀಗೆ ಸಾಲಾಗಿ ಬಿಂದುಗಳಿವೆ. ಯಾವ ಎರಡನ್ನು ಹಿಡಿದರೂ ನಡುವಿನ ದೂರ √2. ತ್ರಿಜ್ಯ 1/2 ಇರುವ ಬಾಲ್‌ನಲ್ಲಿ ಇಂಥ ಎರಡು ಬಿಂದು ಹಿಡಿಸಲ್ಲ, ಅಲ್ವಾ? ಎಷ್ಟೇ ಬಾಲ್ ತಂದರೂ, ಅವುಗಳ ಸಂಖ್ಯೆ ಪರಿಮಿತವಾಗಿದ್ದರೆ ಸಾಲದು. ಕ್ಲೋಸ್ಡ್ ಹೌದು, ಬೌಂಡೆಡ್ ಹೌದು, ಕಾಂಪ್ಯಾಕ್ಟ್ ಅಲ್ಲ.

ಅಂಥ ಬಿಂದುಗಳು ಸಿಗದಿದ್ದರೆ, ಕಾಂಪ್ಯಾಕ್ಟ್ ಅಂತ ತೋರಿಸೋಕೆ ಎರಡು ವಿಷಯ ಸಾಧಿಸಿ. ಸೆಟ್ ಕಂಪ್ಲೀಟ್ ಆಗಿರಬೇಕು, ಅಂದರೆ ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುವ ಬಿಂದುಗಳ ಸಾಲು ಸೆಟ್‌ನ ಒಳಗಿನ ಬಿಂದುವಿನ ಕಡೆಗೇ ಹೋಗಬೇಕು. ಜೊತೆಗೆ ಟೋಟಲಿ ಬೌಂಡೆಡ್ ಆಗಿರಬೇಕು. ಅಂದರೆ, ಎಪ್ಸಿಲಾನ್ ಅನ್ನೋ ಧನ ಸಂಖ್ಯೆ ಎಷ್ಟೇ ಸಣ್ಣದಿರಲಿ, ಆ ತ್ರಿಜ್ಯದ ಪರಿಮಿತ ಸಂಖ್ಯೆಯ ಬಾಲ್‌ಗಳು ಸೆಟ್ಟನ್ನು ಮುಚ್ಚಬೇಕು. ಒಂದೇ ಇದ್ದರೆ ಆಗಲ್ಲ: (0,1] ಟೋಟಲಿ ಬೌಂಡೆಡ್, ಆದರೆ 1/n ಓಡುವುದು 0 ಕಡೆಗೆ, ಆ 0 ಒಳಗಿಲ್ಲ. ಕಂಪ್ಲೀಟ್‌ನೆಸ್ ಜಾಸ್ತಿ ತೊಂದರೆ ಕೊಡಲ್ಲ. ಕಂಪ್ಲೀಟ್ ಸ್ಪೇಸ್‌ನ ಕ್ಲೋಸ್ಡ್ ಸಬ್‌ಸೆಟ್ ಅಂತ ತೋರಿಸಿದರೆ ಮುಗಿಯಿತು. ಕೆಲಸವೆಲ್ಲ ಮುಚ್ಚುವುದರಲ್ಲಿದೆ.

ಹಿಲ್ಬರ್ಟ್ ಕ್ಯೂಬ್‌ನಲ್ಲಿ ಮಾಡಿ ನೋಡೋಣ. ಎಲ್-ಟುನಲ್ಲಿ n-ನೇ ನಿರ್ದೇಶಾಂಕ -1/n ಮತ್ತು 1/n ನಡುವೆ ಇರುವ ಬಿಂದುಗಳೆಲ್ಲ ಅದರಲ್ಲಿವೆ. ಎಪ್ಸಿಲಾನ್ 1/10 ಇರಲಿ. 400ನೇ ಸ್ಥಾನದ ನಂತರದ ನಿರ್ದೇಶಾಂಕಗಳನ್ನು, ಅಂದರೆ ಬಾಲವನ್ನು, ಕತ್ತರಿಸಿ. ಆ ಬಾಲದ ವರ್ಗಗಳ ಮೊತ್ತ 1/400ಕ್ಕಿಂತ ಕಡಿಮೆ, ಹಾಗಾಗಿ ಬಾಲದ ಉದ್ದ 1/20ಕ್ಕಿಂತ ಕಡಿಮೆ. ಉಳಿದ 400 ನಿರ್ದೇಶಾಂಕಗಳು ಆರ್-400ರಲ್ಲಿ ಒಂದು ಪೆಟ್ಟಿಗೆ. ಅಲ್ಲಿ ಹೈನೆ-ಬೊರೆಲ್ ಧೈರ್ಯವಾಗಿ ಬಳಸಿ, ತ್ರಿಜ್ಯ 1/20ರ ಪರಿಮಿತ ಬಾಲ್‌ಗಳಿಂದ ಪೆಟ್ಟಿಗೆ ಮುಚ್ಚಿ. ಕೇಂದ್ರಗಳ 400ನೇ ನಿರ್ದೇಶಾಂಕದ ನಂತರ ಸುಮ್ನೆ ಸೊನ್ನೆ ಸೇರಿಸುತ್ತಾ ಹೋಗಿ. ಕ್ಯೂಬ್‌ನ ಪ್ರತಿ ಬಿಂದುವೂ ಯಾವುದೋ ಒಂದು ಕೇಂದ್ರದಿಂದ 1/20 + 1/20, ಅಂದರೆ 1/10ರ ಒಳಗೆ ಬರುತ್ತದೆ.

ಪರೀಕ್ಷೆಯಲ್ಲಿ 400ರ ಜಾಗದಲ್ಲಿ 4/(ಎಪ್ಸಿಲಾನ್‌ನ ವರ್ಗ)ಕ್ಕಿಂತ ದೊಡ್ಡ N ಬರೆಯಿರಿ. ಉಳಿದದ್ದು ಇದೇ ಸಾಲುಗಳು.