60 ಗ್ರಾಂ ಆಮ್ಲ, 46 ಗ್ರಾಂ ಎಥನಾಲ್: ಸಮತೋಲನ ಸ್ಥಿರಾಂಕ ಲೆಕ್ಕ ಹಾಕುವುದು ಹೇಗೆ?

60 ಗ್ರಾಂ ಅಸಿಟಿಕ್ ಆಮ್ಲಕ್ಕೆ 46 ಗ್ರಾಂ ಎಥನಾಲ್ ಬೆರೆಸಿ, ಕೆಲವು ಹನಿ ಗಂಧಕಾಮ್ಲ ಹಾಕಿ ಮುಚ್ಚಿಟ್ಟರೆ ಈಥೈಲ್ ಅಸಿಟೇಟ್ ಮತ್ತು ನೀರು ಉಂಟಾಗುತ್ತವೆ. ಎರಡೂ ಒಂದೊಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಇರುವುದರಿಂದ ಸಮೀಕರಣದ ಪ್ರಕಾರ 88 ಗ್ರಾಂ ಈಥೈಲ್ ಅಸಿಟೇಟ್ ಸಿಗಬೇಕು. ಆದರೆ ಎಷ್ಟು ದಿನ ಕಾದರೂ ಅದು 59 ಗ್ರಾಂ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಬ್ಬಿನ ಕಾಕಂಬಿಯಿಂದ ಎಥನಾಲ್ ಬರುತ್ತದೆಂದು ಚಿಕ್ಕಂದಿನಿಂದ ಕೇಳಿ ಬೆಳೆದ ಮಂಡ್ಯದ ಮಕ್ಕಳಿಗೆ ಸಮತೋಲನ ಸ್ಥಿರಾಂಕ ಕಲಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಕ್ರಿಯೆ ಅಲ್ಲಿ ನಿಂತಂತೆ ಕಾಣುತ್ತದೆ, ನಿಜಕ್ಕೂ ನಿಂತಿರುವುದಿಲ್ಲ. ಮಂಡ್ಯ–ಮೈಸೂರು ರೈಲನ್ನು ನೆನಪಿಸಿಕೊಳ್ಳಿ. ಈ ಎರಡೇ ಊರುಗಳಿವೆ, ಹೊರಗಿನಿಂದ ಯಾರೂ ಬರುವುದಿಲ್ಲ ಎಂದುಕೊಳ್ಳೋಣ. ಅತ್ತ ಹೋದಷ್ಟೇ ಜನ ಇತ್ತ ಬಂದರೆ ಯಾವ ಊರಿನ ಜನಸಂಖ್ಯೆಯೂ ಬದಲಾಗದು. ಹಾಗೆಂದು ಎರಡೂ ಊರಿನ ಜನಸಂಖ್ಯೆ ಒಂದೇ ಆಗಿರುವುದಿಲ್ಲ. ಮೈಸೂರು ದೊಡ್ಡದಾಗಿಯೇ ಇರುತ್ತದೆ, ಮಂಡ್ಯ ಚಿಕ್ಕದಾಗಿಯೇ. ಸಮತೋಲನದಲ್ಲಿ ಸಮವಾಗುವುದು ಹಿಂದು ಮುಂದಿನ ವೇಗ, ಪ್ರಮಾಣವಲ್ಲ. ಕೆಲವರು ಕನ್ನಂಬಾಡಿ ಕಟ್ಟೆಯ ಒಳಹರಿವು ಹೊರಹರಿವಿನ ಉದಾಹರಣೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊರಹೋದ ಕಾವೇರಿ ನೀರು ಮರಳಿ ಕಟ್ಟೆಗೆ ಬರುವುದಿಲ್ಲ, ಇಲ್ಲಿ ಮಾತ್ರ ಈಥೈಲ್ ಅಸಿಟೇಟ್ ನೀರಿನೊಡನೆ ಸೇರಿ ಮತ್ತೆ ಆಮ್ಲ, ಎಥನಾಲ್ ಆಗುತ್ತಲೇ ಇರುತ್ತದೆ.

ಮೊದಲು ಸಮೀಕರಣ, ಆಮೇಲೆ ಸ್ಥಿರಾಂಕ

ಅಸಿಟಿಕ್ ಆಮ್ಲ + ಎಥನಾಲ್ ⇌ ಈಥೈಲ್ ಅಸಿಟೇಟ್ + ನೀರು

ಸರಿದೂಗಿಸಿದ ಸಮೀಕರಣ ಬರೆಯದೆ ಮುಂದೆ ಹೋಗಬೇಡಿ. ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ಮುಂದಿಟ್ಟ ನಿಯಮದಿಂದ ಬೆಳೆದುಬಂದ ಸೂತ್ರ ಹೀಗಿದೆ: ಉತ್ಪನ್ನಗಳ (ಬಲಬದಿಯವು) ಸಾರತೆಗಳ, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದರ, ಗುಣಲಬ್ಧವನ್ನು ಪ್ರತಿವರ್ತಕಗಳ (ಎಡಬದಿಯವು) ಸಾರತೆಗಳ ಗುಣಲಬ್ಧದಿಂದ ಭಾಗಿಸಬೇಕು. ಸಮೀಕರಣದಲ್ಲಿ ಯಾವುದರ ಎಡಕ್ಕೆ 2 ಇದೆಯೋ ಅದರ ಸಾರತೆಯ ವರ್ಗ, 3 ಇದ್ದರೆ ಘನ. ಬಂದ ಸಂಖ್ಯೆಯೇ ಸ್ಥಿರಾಂಕ, ಅದನ್ನು 'ಕೆ' ಎನ್ನೋಣ.

ನಮ್ಮ ಕ್ರಿಯೆಯಲ್ಲಿ ಎರಡೂ ಬದಿಗೆ ಎರಡೆರಡು ಮೋಲ್ ಇರುವುದರಿಂದ ಪಾತ್ರೆಯ ಗಾತ್ರ ಲೆಕ್ಕದಿಂದ ಹೊರಟುಹೋಗುತ್ತದೆ. ಮೋಲ್‌ಗಳನ್ನೇ ನೇರವಾಗಿ ಹಾಕಬಹುದು. ಎಲ್ಲ ಕ್ರಿಯೆಗಳಿಗೂ ಈ ಅನುಕೂಲ ಇಲ್ಲ ಎಂಬುದು ನೆನಪಿರಲಿ.

ಮೂರು ಸಾಲು ಬರೆಯಿರಿ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಪ್ರಶ್ನೆಯಲ್ಲಿ ಕೊಟ್ಟ ಆರಂಭದ ಪ್ರಮಾಣಗಳನ್ನೇ ಮಕ್ಕಳು ಸೂತ್ರಕ್ಕೆ ತುಂಬಿಬಿಡುತ್ತಾರೆ. ಸೂತ್ರಕ್ಕೆ ಹೋಗಬೇಕಾದದ್ದು ಸಮತೋಲನದ ಹೊತ್ತಿಗೆ ಉಳಿದ ಪ್ರಮಾಣ. ಹಾಗಾಗಿ ಒಂದರ ಕೆಳಗೊಂದು ಮೂರು ಸಾಲು ಬರೆಯಿರಿ: ಆರಂಭ, ಬದಲಾವಣೆ, ಸಮತೋಲನ.

ಆರಂಭ: ಆಮ್ಲ 1, ಎಥನಾಲ್ 1, ಈಥೈಲ್ ಅಸಿಟೇಟ್ 0, ನೀರು 0.
ಬದಲಾವಣೆ: ಮೊದಲೆರಡಕ್ಕೆ − ಕ್ಷ, ಕೊನೆಯೆರಡಕ್ಕೆ + ಕ್ಷ.
ಸಮತೋಲನ: 1 − ಕ್ಷ, 1 − ಕ್ಷ, ಕ್ಷ, ಕ್ಷ.

ಈ 'ಕ್ಷ', ಅಂದರೆ ಖರ್ಚಾದ ಆಮ್ಲದ ಮೋಲ್, ಸಿಗುವುದು ಪ್ರಯೋಗಾಲಯದಲ್ಲಿ. ಮಿಶ್ರಣದ ಒಂದು ಸಣ್ಣ ಭಾಗವನ್ನು ಪಿಪೆಟ್‌ನಲ್ಲಿ ತೆಗೆದು, ತಣ್ಣೀರಿಗೆ ಹಾಕಿ, ಫಿನಾಲ್ಫ್ತಲೀನ್ ಎಂಬ ಸೂಚಕ ತಿಳಿಗುಲಾಬಿಯಾಗುವವರೆಗೆ ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡಬೇಕು. ಖರ್ಚಾದ ದ್ರಾವಣದಲ್ಲಿ ಗಂಧಕಾಮ್ಲದ ಪಾಲನ್ನು ಮರೆಯದೆ ಕಳೆಯಿರಿ. ಉಳಿದದ್ದು ಅಸಿಟಿಕ್ ಆಮ್ಲದ ಲೆಕ್ಕ. ಇಡೀ ಮಿಶ್ರಣಕ್ಕೆ ಗುಣಿಸಿದರೆ ಆಮ್ಲ ಸುಮಾರು 1/3 ಮೋಲ್ ಉಳಿದಿರುತ್ತದೆ. ಅಂದರೆ ಕ್ಷ = 2/3.

ಕೆ = (2/3 × 2/3) ÷ (1/3 × 1/3) = 4

ಸ್ಥಿರಾಂಕ ಗೊತ್ತಾದ ಮೇಲೆ ಏನು ಉಪಯೋಗ?

ಎಥನಾಲ್ ಅಗ್ಗ, ಆಮ್ಲ ದುಬಾರಿ ಎಂದುಕೊಳ್ಳಿ. 1 ಮೋಲ್ ಆಮ್ಲಕ್ಕೆ 2 ಮೋಲ್ ಎಥನಾಲ್ ಹಾಕಿದರೆ ಏನಾಗುತ್ತದೆ? ಉಷ್ಣತೆ ಅದೇ ಆದ್ದರಿಂದ ಕೆ ಕೂಡ 4 ಆಗಿಯೇ ಇರುತ್ತದೆ.

ಕ್ಷ² ÷ [(1 − ಕ್ಷ)(2 − ಕ್ಷ)] = 4

ಬಿಡಿಸಿದರೆ 3ಕ್ಷ² − 12ಕ್ಷ + 8 = 0. ಉತ್ತರಗಳು ಎರಡು: 3.155 ಮತ್ತು 0.845. ಇರುವುದೇ ಒಂದು ಮೋಲ್ ಆಮ್ಲ, 3 ಮೋಲ್ ಖರ್ಚಾಗಲು ಸಾಧ್ಯವಿಲ್ಲ. ಆದ್ದರಿಂದ 0.845. ಮೊದಲು ಶೇ 67ರಷ್ಟು ಆಮ್ಲ ಬದಲಾಗುತ್ತಿತ್ತು, ಈಗ ಶೇ 84.5. ಉತ್ತರವನ್ನು ಮತ್ತೆ ಸೂತ್ರಕ್ಕೆ ಹಾಕಿ 4ರ ಹತ್ತಿರ ಬರುತ್ತದೆಯೇ ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸ, ಆದರೂ ಪರೀಕ್ಷೆಯಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ.

ಕ್ರಿಯೆ ಯಾವ ಕಡೆ ಸಾಗುತ್ತದೆ ಎಂದೂ ಹೇಳಬಹುದು. ಒಂದು ಪಾತ್ರೆಯಲ್ಲಿ ಆಮ್ಲ 0.2, ಎಥನಾಲ್ 0.3, ಈಥೈಲ್ ಅಸಿಟೇಟ್ 0.6, ನೀರು 0.6 ಮೋಲ್ ಇವೆ. ಅದೇ ಸೂತ್ರಕ್ಕೆ ಹಾಕಿದರೆ 0.36 ÷ 0.06 = 6. ಇದು 4ಕ್ಕಿಂತ ಹೆಚ್ಚು, ಆದ್ದರಿಂದ ಕ್ರಿಯೆ ಹಿಂದಕ್ಕೆ ಸಾಗುತ್ತದೆ. ಕಡಿಮೆ ಬಂದಿದ್ದರೆ ಮುಂದಕ್ಕೆ.

ಸಮೀಕರಣವನ್ನು ತಿರುಗಿಸಿ ಬರೆದರೆ ಕೆ 1/4 ಆಗುತ್ತದೆ, ಎರಡರಿಂದ ಗುಣಿಸಿ ಬರೆದರೆ 16. ಶುದ್ಧ ಘನವಸ್ತುಗಳಿಗೆ ಸೂತ್ರದಲ್ಲಿ ಜಾಗವಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಹಾಕುವ ಸುಣ್ಣವನ್ನೇ ನೋಡಿ. ಸುಣ್ಣದ ಕಲ್ಲು ಸುಟ್ಟಾಗ ಸುಣ್ಣವೂ ಕಾರ್ಬನ್ ಡೈಆಕ್ಸೈಡೂ ಬರುತ್ತವೆ. ಕಲ್ಲು, ಸುಣ್ಣ ಎರಡೂ ಘನ, ಹಾಗಾಗಿ ಸ್ಥಿರಾಂಕದಲ್ಲಿ ಉಳಿಯುವುದು ಆ ಅನಿಲದ ಒತ್ತಡ ಒಂದೇ. ಗೂಡು ತೆರೆದಿರುವುದರಿಂದ ಅನಿಲ ಹೊರಟುಹೋಗುತ್ತದೆ, ಸಮತೋಲನ ಕೂಡುವುದೇ ಇಲ್ಲ, ಕಲ್ಲೆಲ್ಲ ಸುಣ್ಣವಾಗುತ್ತದೆ.

ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸಾಮಾನ್ಯವಾಗಿ ಕೆ 1000ಕ್ಕಿಂತ ಹೆಚ್ಚಿದ್ದರೆ ಪಾತ್ರೆಯಲ್ಲಿ ಬಹುಪಾಲು ಉತ್ಪನ್ನ, 0.001ಕ್ಕಿಂತ ಕಡಿಮೆ ಇದ್ದರೆ ಬಹುಪಾಲು ಪ್ರತಿವರ್ತಕ. ನಡುವೆ ಇದ್ದರೆ ಎರಡೂ ಎದ್ದುಕಾಣುವಷ್ಟು ಇರುತ್ತವೆ, ನಮ್ಮ 4ರ ಹಾಗೆ.

ವೇಗದ ಬಗ್ಗೆ ಮಾತ್ರ ಕೆ ಒಂದು ಮಾತೂ ಆಡುವುದಿಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆಯ ಸ್ಥಿರಾಂಕ ಊಹೆಗೆ ಸಿಗದಷ್ಟು ದೊಡ್ಡದು. ಆದರೂ ಕಿಡಿ ತಾಕದಿದ್ದರೆ ಅವೆರಡೂ ಒಂದೇ ಪಾತ್ರೆಯಲ್ಲಿ ತೆಪ್ಪಗಿರುತ್ತವೆ. ನಾವು ಹಾಕಿದ ಗಂಧಕಾಮ್ಲವೂ ವೇಗವರ್ಧಕ ಮಾತ್ರ. ವಾರಗಟ್ಟಲೆ ಹಿಡಿಯುವುದನ್ನು ಬೇಗ ಮುಗಿಸುತ್ತದೆ, 4ನ್ನು 5 ಮಾಡಲಾರದು.

ಕೆ ಬದಲಾಗುವುದು ಉಷ್ಣತೆಯಿಂದ. ಗದ್ದೆಗೆ ಹಾಕುವ ಯೂರಿಯಾಕ್ಕೆ ಬೇಕಾದ ಅಮೋನಿಯವನ್ನು ನೈಟ್ರೋಜನ್ ಮತ್ತು ಹೈಡ್ರೋಜನ್‌ಗಳಿಂದ ತಯಾರಿಸುತ್ತಾರೆ. ಶಾಖ ಹೊರಬಿಡುವ ಕ್ರಿಯೆ ಅದು, ಆದ್ದರಿಂದ ಬಿಸಿ ಏರಿದಂತೆ ಕೆ ಇಳಿಯುತ್ತದೆ. ತಣ್ಣಗಿಟ್ಟರೆ ಕೆ ಚೆನ್ನಾಗಿರುತ್ತದೆ, ಕ್ರಿಯೆಯೇ ಸಾಗುವುದಿಲ್ಲ. ಅದಕ್ಕೇ ಕಾರ್ಖಾನೆಯವರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಭಾರೀ ಒತ್ತಡದಲ್ಲಿ, ಕಬ್ಬಿಣದ ವೇಗವರ್ಧಕ ಇಟ್ಟು ಕ್ರಿಯೆ ನಡೆಸುತ್ತಾರೆ. ಆದಷ್ಟು ಅಮೋನಿಯವನ್ನು ತಣಿಸಿ, ದ್ರವ ಮಾಡಿ ತೆಗೆದುಕೊಂಡು, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತಾರೆ.