ಅಡ್ಮಿನ್‌ಗೆ ತೆರೆಯುವ ವರದಿ ಗುಮಾಸ್ತರಿಗೆ ತೆರೆಯದಿದ್ದಾಗ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕ. ಚೀಲಗಳ ಲೆಕ್ಕಕ್ಕೆ ಹಳೆಯ ಎಎಸ್‌ಪಿ ಡಾಟ್ ನೆಟ್ (ಮೈಕ್ರೋಸಾಫ್ಟ್ ತಂತ್ರಜ್ಞಾನದ) ವೆಬ್ ಅಪ್ಲಿಕೇಶನ್ ಇದೆ. ನನ್ನ ಅಡ್ಮಿನ್ ಲಾಗಿನ್‌ನಲ್ಲಿ ಎಲ್ಲ ಸರಿ. ಗೋದಾಮಿನ ಗುಮಾಸ್ತರು ಸಾಮಾನ್ಯ ಖಾತೆಯಿಂದ ತೂಕದ ವರದಿ ಒತ್ತಿದರೆ 500 ಎರರ್, ಅಂದರೆ ಸರ್ವರ್ ಒಳಗಿನ ದೋಷ. ವಿಚಿತ್ರ ಎಂದರೆ, ನಾನು ಒಮ್ಮೆ ತೆರೆದ ಮೇಲೆ ಅವರಿಗೂ ತೆರೆಯುತ್ತಿತ್ತು. ಸರ್ವರ್ ರೀಸ್ಟಾರ್ಟ್ ಆದರೆ ಮತ್ತೆ ಅದೇ ಕಥೆ.

ಬ್ರೌಸರ್ ಬದಲಿಸಿದೆ, ಕ್ಯಾಶ್ ಅಳಿಸಿದೆ. ಅಪ್ಲಿಕೇಶನ್ ಫೋಲ್ಡರ್‌ಗೆ ಫುಲ್ ಕಂಟ್ರೋಲ್ ಕೊಟ್ಟೆ. ಗುಮಾಸ್ತರನ್ನು ಅವರವರ ಪಿಸಿಯಲ್ಲೇ ಅಡ್ಮಿನ್ ಮಾಡಿದೆ. ಸುಮ್ನೆ ದಂಡ, ತೊಂದರೆ ಇದ್ದದ್ದು ಸರ್ವರ್‌ನಲ್ಲಿ.

ಸರ್ವರ್‌ನ ಇವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ದೋಷಗಳ ದಾಖಲೆ) 1309 ಸಂಖ್ಯೆಯ ಎಚ್ಚರಿಕೆ, ಅದರೊಳಗೆ ಸಿಎಸ್2001, ಅಂದರೆ ಕಂಪೈಲರ್‌ಗೆ ಸೋರ್ಸ್ ಫೈಲ್ ಸಿಗಲಿಲ್ಲ ಎಂಬ ದೋಷ ಸಿಕ್ಕಿತು. ಅಪ್ಲಿಕೇಶನ್‌ನ ಸೆಟ್ಟಿಂಗ್ ಫೈಲ್ ಆದ ವೆಬ್ ಕಾನ್ಫಿಗ್‌ನಲ್ಲಿ ಇಂಪರ್ಸನೇಶನ್ (ಲಾಗಿನ್ ಆದವರ ಖಾತೆಯ ಹಕ್ಕಿನಲ್ಲೇ ಕೆಲಸ ಮಾಡುವುದು) ಆನ್ ಇತ್ತು. ಹಾಗಾಗಿ ಡೇಟಾವನ್ನು ಎಕ್ಸ್‌ಎಂಎಲ್ ರೂಪಕ್ಕೆ ತರುವ ಎಕ್ಸ್‌ಎಂಎಲ್ ಸೀರಿಯಲೈಸರ್ ಮೊದಲ ಸಲ ಓಡುವಾಗ ಬಳಕೆದಾರನ ಹೆಸರಿನಲ್ಲೇ ವಿಂಡೋಸ್ ಟೆಂಪ್ ಫೋಲ್ಡರ್‌ನಲ್ಲಿ ಕೋಡ್ ಕಂಪೈಲ್ ಮಾಡುತ್ತದೆ. ಸಾಮಾನ್ಯ ಖಾತೆ ಅಲ್ಲಿ ಫೈಲ್ ಹಾಕಬಹುದು, ಆದರೆ ಫೋಲ್ಡರ್ ಒಳಗೆ ಏನಿದೆ ಎಂದು ನೋಡುವಂತಿಲ್ಲ! ಒಮ್ಮೆ ಕಂಪೈಲ್ ಆದದ್ದು ಮೆಮೊರಿಯಲ್ಲಿ ಉಳಿಯುತ್ತದೆ. ಅದಕ್ಕೇ ನನ್ನ ನಂತರ ಅವರಿಗೂ ತೆರೆಯುತ್ತಿದ್ದದ್ದು.

ಪರಿಹಾರ ಹೀಗೆ: ಸರ್ವರ್‌ನ ಸಿ ಡ್ರೈವ್, ವಿಂಡೋಸ್, ಟೆಂಪ್ ಫೋಲ್ಡರ್‌ಗೆ ಹೋಗಿ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್, ಆ್ಯಡ್. ಗುಮಾಸ್ತರ ಗ್ರೂಪ್ ಮಾತ್ರ ಆರಿಸಿ, ಎವ್ರಿಒನ್ ಬೇಡ. 'ಈ ಫೋಲ್ಡರ್, ಸಬ್‌ಫೋಲ್ಡರ್, ಫೈಲ್‌ಗಳು' ಇಟ್ಟು, ಅಡ್ವಾನ್ಸ್ಡ್ ಪರ್ಮಿಶನ್‌ನಲ್ಲಿ ಎರಡಕ್ಕೆ ಟಿಕ್ ಹಾಕಿ: ಲಿಸ್ಟ್ ಫೋಲ್ಡರ್/ರೀಡ್ ಡೇಟಾ, ಡಿಲೀಟ್. ಆಮೇಲೆ ಐಐಎಸ್‌ನಲ್ಲಿ (ವಿಂಡೋಸ್‌ನ ವೆಬ್ ಸರ್ವರ್) ಅಪ್ಲಿಕೇಶನ್ ಪೂಲ್ ರೀಸೈಕಲ್ ಮಾಡಿ, ಅಂದರೆ ಅಪ್ಲಿಕೇಶನ್ ಹೊಸದಾಗಿ ಶುರುವಾಗಲಿ.

ಪರೀಕ್ಷಿಸುವಾಗ ಮೊದಲು ಗುಮಾಸ್ತರ ಲಾಗಿನ್ನೇ ಬಳಸಿ. ಅಡ್ಮಿನ್‌ನಲ್ಲಿ ಮೊದಲು ತೆರೆದರೆ ಸರಿಯಾಗದಿದ್ದರೂ ಸರಿಯಾದಂತೆ ಕಾಣುತ್ತದೆ.