ಕಟ್ಟಡ ಕೆಡವುವ ಮುನ್ನ ಮನೆ ಮನೆಯ ಲೆಕ್ಕ ಹಾಕಿ

ಮುಂಬೈಯ ಮಾಟುಂಗಾದಿಂದ ಮುಲುಂಡ್‌ವರೆಗೆ, ಕರ್ನಾಟಕದಿಂದ ಬಂದ ನಮ್ಮವರು ಎರಡು ಮೂರು ತಲೆಮಾರಿನಿಂದ ಇರುವ ಕಟ್ಟಡಗಳಲ್ಲಿ ಈಗ ರೀಡೆವಲಪ್‌ಮೆಂಟ್‌ನದೇ ಮಾತು, ಅಂದರೆ ಹಳೆಯದನ್ನು ಕೆಡವಿ ಬಿಲ್ಡರ್‌ನಿಂದ ಹೊಸದು ಕಟ್ಟಿಸುವ ಮಾತು. ಸಭೆ ಕರೆದರೆ ಮೊದಲ ಪ್ರಶ್ನೆ, ಎಷ್ಟು ಚದರ ಅಡಿ ಜಾಸ್ತಿ ಸಿಗುತ್ತದೆ ಎಂಬುದು. ಕೇಳಬೇಕಾದದ್ದೇ. ಆದರೆ ಹೊಸ ಕಟ್ಟಡ ಎದ್ದ ಮೇಲೆ ಅಲ್ಲಿ ಯಾರು ಯಾರು ಉಳಿಯುತ್ತಾರೆ ಎಂಬುದನ್ನೂ ಸಹಿ ಹಾಕುವ ಮೊದಲೇ ಕೇಳಬೇಕು. ಸಹಿ ಆದ ಮೇಲೆ ಕೇಳಿ ಏನೂ ಉಪಯೋಗವಿಲ್ಲ.

ಮೊದಲು ಯಾರು ಯಾವ ಹಕ್ಕಿನಲ್ಲಿ ಇದ್ದಾರೆ ಎಂದು ಪಟ್ಟಿ ಮಾಡಿ. ಒಂದೇ ಗಲ್ಲಿಯಲ್ಲಿ ಮೂರು ತರಹದವರು ಸಿಗುತ್ತಾರೆ. ಸೊಸೈಟಿಯ, ಅಂದರೆ ಮನೆಯವರ ಸಹಕಾರಿ ಸಂಘದ, ಶೇರ್ ಸರ್ಟಿಫಿಕೇಟ್ ಇರುವ ಸದಸ್ಯರು; ಹಿಂದೆ ಒಮ್ಮೆಗೇ ದೊಡ್ಡ ಮೊತ್ತದ ಪಗಡಿ ಕೊಟ್ಟು ಹಳೆ ಬಾಡಿಗೆಯಲ್ಲಿ ಇರುವವರು; ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು ಮಾಡಿಕೊಂಡವರು. ಕಾನೂನು ಮೂವರನ್ನೂ ಬೇರೆ ಬೇರೆ ನೋಡುತ್ತದೆ.

ಪಗಡಿಯವರು ಇವತ್ತೇ ಕಪಾಟು ತೆಗೆದು ಬಾಡಿಗೆ ರಸೀದಿ ನೋಡಿ. ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಲ್ಲೇ ಇದ್ದರೆ, ಬಿಲ್ಡರ್ ಬರುವ ಮೊದಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅವರು ತೀರಿಕೊಂಡಾಗ ಜೊತೆಗೆ ವಾಸವಿದ್ದ ಕುಟುಂಬದವರಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಹಕ್ಕಿದೆ. ಅದಕ್ಕೆ ರೇಷನ್ ಕಾರ್ಡ್, ಲೈಟ್ ಬಿಲ್ ಸಾಕ್ಷಿಯಾಗುತ್ತವೆ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೆ ನಗರದಲ್ಲಿ 1969ರ ಸೆಪ್ಟೆಂಬರ್‌ಗೂ ಮುಂಚೆ ಕಟ್ಟಿದ, ರಿಪೇರಿ ಸೆಸ್ ಎಂಬ ತೆರಿಗೆ ಕಟ್ಟುವ ಕಟ್ಟಡವಾದರೆ ಮುಂಬೈ ಅಭಿವೃದ್ಧಿ ನಿಯಮಾವಳಿಯ ನಿಯಮ 33(7) ಅನ್ವಯಿಸುತ್ತದೆ. 51 ಶೇಕಡಾ ಬಾಡಿಗೆದಾರರ ಒಪ್ಪಿಗೆ ಬೇಕು. ಚಾಳ್‌ನ (ಸಾಲು ಕೋಣೆಗಳ ಹಳೆ ಕಟ್ಟಡದ) ಖೋಲಿ ಎಷ್ಟೇ ಚಿಕ್ಕದಿರಲಿ, ವಾಸದ ಮನೆಗೆ ಕನಿಷ್ಠ 300 ಚದರ ಅಡಿ ಕಾರ್ಪೆಟ್, ಅಂದರೆ ಗೋಡೆಯೊಳಗಿನ ಬಳಕೆಯ ಜಾಗ, ಸಿಗಬೇಕು, ಅದೂ ಮಾಲೀಕತ್ವದಲ್ಲಿ.

ಸೊಸೈಟಿಯವರಿಗೆ ದಾರಿ ಬೇರೆ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕಲಂ 79ಎ ಅಡಿಯಲ್ಲಿ 2019ರ ಜುಲೈ 4ರ ಸರ್ಕಾರಿ ಆದೇಶ ಓದಿ. ಸಭೆಯ ವಿಡಿಯೋ ಚಿತ್ರೀಕರಣ, ಬಿಲ್ಡರ್‌ನಿಂದ ಯೋಜನೆಯ ವೆಚ್ಚದ 20 ಶೇಕಡಾ ಬ್ಯಾಂಕ್ ಗ್ಯಾರಂಟಿ, ಎಲ್ಲ ಅದರಲ್ಲಿದೆ.

ಇನ್ನು ನಮ್ಮ ಹಿರಿಯರು ಊರು ಬಿಡುವಂತೆ ಮಾಡುವ ವಿಷಯಕ್ಕೆ ಬರೋಣ. ಅದು ಮೇಂಟೆನೆನ್ಸ್. ಮನೆ ಸಿಕ್ಕಿತು, ಲಿಫ್ಟ್ ಬಂತು, ಪೋಡಿಯಂ ಪಾರ್ಕಿಂಗ್ ಬಂತು. ತಿಂಗಳ ಬಿಲ್ಲೂ ಬಂತು. ಹೊಸ ಮನೆ 500 ಚದರ ಅಡಿ, ಅಡಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 5,000, ವರ್ಷಕ್ಕೆ 60,000. ಬಿಲ್ಡರ್ ಒಮ್ಮೆಗೇ ಕೊಡುವ ಇಡುಗಂಟಿನ, ಅಂದರೆ ಕಾರ್ಪಸ್ ಹಣದ ಬಡ್ಡಿಯಲ್ಲೇ ಇದು ತೀರಬೇಕಾದರೆ, 7 ಶೇಕಡಾ ಬಡ್ಡಿಗೆ ಸುಮಾರು ಎಂಟೂವರೆ ಲಕ್ಷ ಬೇಕು. ಬಿಲ್ಡರ್ ಕೊಡುವುದು ಅದಕ್ಕಿಂತ ಕಡಿಮೆಯಾದರೆ, ಹೋಟೆಲ್ ಕೆಲಸದಿಂದ ನಿವೃತ್ತರಾದ ದಂಪತಿ ಉಳಿದದ್ದನ್ನು ಎಲ್ಲಿಂದ ತರುತ್ತಾರೆ? ಮನೆ ಮಾರಿ ದೂರದ ಡೊಂಬಿವಲಿಯ ಆಚೆ ಹೋಗುತ್ತಾರೆ, ಅಷ್ಟೇ. ಆದ್ದರಿಂದ ಹೆಚ್ಚುವರಿ ಅಡಿಗಾಗಿ ಜಗ್ಗುವಷ್ಟೇ ಕಾರ್ಪಸ್‌ಗಾಗಿಯೂ ಜಗ್ಗಿ. ಈಜುಕೊಳ, ಕ್ಲಬ್ ಹೌಸ್ ಬೇಡವೆಂದು ಹೇಳಲು ನಿಮಗೆ ಹಕ್ಕಿದೆ. ನನ್ನನ್ನು ಕೇಳಿದರೆ, ಬೇಡ ಎನ್ನುವುದೇ ಒಳ್ಳೆಯದು.

ಹೊಸ ಕಟ್ಟಡ ಏಳುವವರೆಗೆ ಹೊರಗಿರಲು ಬಿಲ್ಡರ್ ಕೊಡುವ ಬಾಡಿಗೆಯಲ್ಲೂ ಎಚ್ಚರ ಇರಲಿ. ನಲವತ್ತು ಕುಟುಂಬ ಒಂದೇ ತಿಂಗಳಲ್ಲಿ ಅದೇ ಸ್ಟೇಷನ್ ಹತ್ತಿರ ಮನೆ ಹುಡುಕಿದರೆ ಬಾಡಿಗೆ ಏರದೆ ಇರುತ್ತದೆಯೇ? ಪ್ರತಿ ವರ್ಷದ ಏರಿಕೆ, ದಲಾಲಿ, ಸಾಮಾನು ಸಾಗಿಸುವ ಖರ್ಚು, ಕೆಲಸ ತಡವಾದರೂ ನಿಲ್ಲದ ಪಾವತಿ, ಇಷ್ಟೂ ನೋಂದಾಯಿತ ಕರಾರಿನಲ್ಲಿ ಬರೆಸಿ. ಬಾಯಿಮಾತು ಬೇಡ.

ಲೀವ್ ಅಂಡ್ ಲೈಸೆನ್ಸ್‌ನವರಿಗೆ ಹೊಸ ಕಟ್ಟಡದಲ್ಲಿ ಹಕ್ಕಿಲ್ಲ. ಅವಧಿ ಮುಗಿದೂ ಬಿಡದಿದ್ದರೆ ಎರಡು ಪಟ್ಟು ಬಾಡಿಗೆ ಕೊಡಬೇಕಾಗುತ್ತದೆ. ಆದರೂ ಕೈ ಪೂರ್ತಿ ಖಾಲಿಯಲ್ಲ. ಕರಾರು ನೋಂದಾಯಿಸುವ ಹೊಣೆ ಮನೆ ಕೊಟ್ಟವರದು. ನೋಂದಣಿ ಆಗಿಲ್ಲದಿದ್ದರೆ, ಷರತ್ತುಗಳ ಬಗ್ಗೆ ನೀವು ಹೇಳುವುದನ್ನೇ ಕಾನೂನು ಮೊದಲು ನಂಬುತ್ತದೆ. ಸೊಸೈಟಿಯವರಿಗೆ ನನ್ನ ವಿನಂತಿ: ಇವರಿಗೂ ಮೂರು ತಿಂಗಳ ಮುಂಚೆ ತಿಳಿಸಿ. ಡಿಪಾಸಿಟ್ ವಾಪಸ್ ಬಾರದೆ ಅವರು ಬೇರೆ ಮನೆ ಹಿಡಿಯಲಾರರು. ಹೊಸ ಕಟ್ಟಡದಲ್ಲೂ ಬಾಡಿಗೆಯವರು ಬೇಡ ಎಂಬ ಠರಾವು ಮಾಡಬೇಡಿ. ಬಾಡಿಗೆಗೆ ಕೊಟ್ಟ ಸದಸ್ಯರಿಂದ ನಾನ್ ಆಕ್ಯುಪೆನ್ಸಿ ಶುಲ್ಕ, ಸರ್ವಿಸ್ ಚಾರ್ಜ್‌ನ 10 ಶೇಕಡಾಕ್ಕಿಂತ ಜಾಸ್ತಿ ವಸೂಲು ಮಾಡುವಂತಿಲ್ಲ. ಉಡುಪಿಯಿಂದ ಕೆಲಸಕ್ಕೆ ಬರುವ ಹುಡುಗರಿಗೆ ಖೋಲಿ ಸಿಗುವುದು ಇಂಥ ಮನೆಗಳಲ್ಲೇ ಅಲ್ವಾ?

ಕೊನೆಯದಾಗಿ, ಬಿಲ್ಡರ್ ಮಾರುವ ಮನೆಗಳ ನಕ್ಷೆ ನೋಡಿ. ಎಲ್ಲವೂ ಮೂರು ಬೆಡ್‌ರೂಮಿನವೇ ಆದರೆ, ಕೆಲವನ್ನಾದರೂ ಒಂದು ಬೆಡ್‌ರೂಮಿನ ಮನೆ ಮಾಡುವಂತೆ ಕೇಳಿ. ಪಕ್ಕದಲ್ಲಿ ದೊಡ್ಡ ಖಾಲಿ ಜಾಗಕ್ಕೆ ಹೊಸ ಯೋಜನೆ ಬರುತ್ತಿದ್ದರೆ ಇನ್ನೊಂದು ಕೆಲಸ ಇದೆ. 4,000 ಚದರ ಮೀಟರ್ ಮೇಲಿನ ಹೊಸ ವಸತಿ ಲೇಔಟ್‌ನಲ್ಲಿ 20 ಶೇಕಡಾ ಪಾಲು ಕಡಿಮೆ ಆದಾಯದವರ ಸಣ್ಣ ಮನೆಗಳಿಗೆ ಎಂದು 2034ರವರೆಗಿನ ಮುಂಬೈ ಅಭಿವೃದ್ಧಿ ನಿಯಮಾವಳಿ ಹೇಳುತ್ತದೆ. ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ರಾಜ್ಯ ಪ್ರಾಧಿಕಾರ ಮಹಾರೇರಾದ ಜಾಲತಾಣದಲ್ಲಿ ಯೋಜನೆಯ ದಾಖಲೆ ತೆಗೆದು ನೋಡಿ. ಆ ಪಾಲು ಕಾಣದಿದ್ದರೆ ಪಾಲಿಕೆಗೆ ಲಿಖಿತವಾಗಿ ಕೇಳಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.